ಕರೆಯುವವಳು ಒಬ್ಬಳು, ಸದಸ್ಯ ಇನ್ನೊಬ್ಬ

ಗೆ,
ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು, ನಿರ್ದೇಶಕರು ಮತ್ತು ಸದಸ್ಯರು,
ಸಾಸಲು ಹೋಬಳಿ, ದೊಡ್ಡಬಳ್ಳಾಪುರ ತಾಲ್ಲೂಕು.

ವಿಷಯ: ಹಸು ಸಾಕುವ ಹೆಣ್ಣುಮಕ್ಕಳ ಹೆಸರಿಗೆ ಸದಸ್ಯತ್ವ ಕೊಡುವ ಬಗ್ಗೆ.

ಮಾನ್ಯರೇ,

ಮಳೆ ನಂಬಿ ರಾಗಿ ಬಿತ್ತುವ ನಮ್ಮ ಕಡೆ ಸಂಸಾರದ ಕೈ ಹಿಡಿದಿರುವುದು ಸೀಮೆಹಸು. ರಾಗಿ ವರ್ಷಕ್ಕೊಂದು ಬೆಳೆ, ಅದೂ ಮಳೆ ಬಂದರೆ. ಮಕ್ಕಳ ಫೀಸು, ಅಂಗಡಿ ಬಾಕಿ, ಸ್ತ್ರೀಶಕ್ತಿ ಸಂಘದ ಕಂತು ಎಲ್ಲವೂ ತೀರುವುದು ಹಾಲಿನ ದುಡ್ಡಿನಲ್ಲಿ. ಆ ಹಾಲಿನ ಹಿಂದಿನ ದುಡಿಮೆ ಯಾರದು ಎಂದು ಒಂದು ದಿನ ಕೂತು ಲೆಕ್ಕ ಹಾಕಿ. ನಸುಕಿನಲ್ಲೇ ಎದ್ದು ಸಗಣಿ ಬಾಚಬೇಕು, ಕೊಟ್ಟಿಗೆ ತೊಳೆಯಬೇಕು, ಬೂಸ ಹಿಂಡಿ ಕಲಸಿಡಬೇಕು, ಕೆಚ್ಚಲು ತೊಳೆದು ಹಾಲು ಕರೆಯಬೇಕು. ಹೊತ್ತೇರಿದ ಮೇಲೆ ಹುಲ್ಲು ಕೊಯ್ದು ಹೊರೆ ತರಬೇಕು. ಸಂಜೆಗೆ ಮತ್ತೆ ಅದೇ ಪಾಡು. ಕೆಚ್ಚಲು ಬಾವು ಬಂದರೆ ಮೊದಲು ತಿಳಿಯುವುದು ಕರೆಯುವ ಕೈಗೆ. ಬಹುಪಾಲು ಮನೆಗಳಲ್ಲಿ ಅದು ಹೆಂಗಸಿನ ಕೈ.

ಆದರೆ ಸಂಘದಲ್ಲಿ ಷೇರು ಗಂಡನ ಹೆಸರಿಗೆ. ಬಟವಾಡೆ ಬೀಳುವುದು ಅವರ ಖಾತೆಗೆ. ಸರ್ಕಾರ ಲೀಟರಿಗೆ ಇಷ್ಟು ಎಂದು ಕೊಡುವ ಪ್ರೋತ್ಸಾಹಧನವೂ ಅಲ್ಲಿಗೇ. ಹಸುವಿನ ಕಿವಿಗೆ ಹಾಕುವ 12 ಅಂಕಿಯ ಹಳದಿ ಓಲೆಯ ದಾಖಲೆಯಲ್ಲಿ ಮಾಲೀಕರು ಅವರೇ, ಹಸು ಸತ್ತರೆ ವಿಮೆ ಹಣ ಬರುವುದೂ ಅವರಿಗೇ.

ಹೋಬಳಿಯ ಒಂದು ಊರಿನಲ್ಲಿ, ಫ್ಯಾಟು ಯಾಕೆ ಕಡಿಮೆ ಬರುತ್ತಿದೆ ಎಂದು ಕೇಳಲು ಹೋದ ಹೆಣ್ಣುಮಗಳಿಗೆ ಸಿಕ್ಕ ಉತ್ತರ: “ನಿಮ್ ಯಜಮಾನ್ರನ್ನ ಕಳ್ಸಮ್ಮ, ಮಾತಾಡ್ತೀವಿ.” ಅವರ ಯಜಮಾನರು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗುವವರು. ಹಸು ಈಗ ಎಷ್ಟನೇ ಸೂಲಿನಲ್ಲಿದೆ ಎಂದು ಅವರು ಹೆಂಡತಿಯನ್ನೇ ಕೇಳಬೇಕು.

ಈ ಪದ್ಧತಿ ಡೇರಿಯಲ್ಲಿ ಹುಟ್ಟಿದ್ದಲ್ಲ, ಮನೆಯಲ್ಲೇ ಹುಟ್ಟಿದ್ದು. ಸಗಣಿ ಬಾಚಲು ಮಗಳನ್ನು ಎಬ್ಬಿಸುತ್ತಾರೆ, ಬೈಕಿನಲ್ಲಿ ಕ್ಯಾನು ಒಯ್ಯಲು ಮಗನನ್ನು ಕಳಿಸುತ್ತಾರೆ. ಹಾಲಿನ ಚೀಟಿ ಅವನ ಜೇಬಿಗೆ ಬೀಳುತ್ತದೆ. ಹೀಗೇ ಬೆಳೆದರೆ ದುಡಿಮೆ ಹೆಣ್ಣಿನದು, ದುಡ್ಡಿನ ಮಾತು ಗಂಡಿನದು ಎಂಬುದು ಇಬ್ಬರಿಗೂ ಸಹಜ ಅನ್ನಿಸುತ್ತದೆ. ಸಂಘದ ಸದಸ್ಯರ ಪುಸ್ತಕ ಅದಕ್ಕೆ ಮೊಹರು ಒತ್ತುತ್ತದೆ.

ಕಾನೂನೇನೂ ಅಡ್ಡ ಬಂದಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಹೆಣ್ಣಿಗೆ ಸದಸ್ಯತ್ವ ಬೇಡ ಎನ್ನುವುದಿಲ್ಲ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನವನ್ನೂ ಮೀಸಲಿಟ್ಟಿದೆ. ಆದರೆ ಷೇರೇ ಇಲ್ಲದವಳು ನಿರ್ದೇಶಕಿ ಆಗುವುದೆಲ್ಲಿಂದ ಬಂತು? ಪಂಚಾಯಿತಿಗಳನ್ನು ನೋಡಿ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಮಹಿಳೆಯರಿಗೆ ಕಾಲು ಭಾಗ ಸ್ಥಾನ ಸಿಕ್ಕಿತು, 1993ರ ಕಾಯ್ದೆಯಲ್ಲಿ ಮೂರನೇ ಒಂದು ಭಾಗ, 2010ರ ತಿದ್ದುಪಡಿಯಲ್ಲಿ ಅರ್ಧ. ಊರಿನ ಆಡಳಿತಕ್ಕೆ ಹೆಂಗಸು ಆಗುತ್ತಾಳೆ, ತಾನು ಕರೆದ ಹಾಲಿನ ಲೆಕ್ಕ ಕೇಳಲು ಆಗುವುದಿಲ್ಲವೇ? ಮಹಿಳೆಯರೇ ನಡೆಸುವ ಹಾಲು ಸಂಘಗಳು ರಾಜ್ಯದಲ್ಲಿ ಬೇಕಾದಷ್ಟಿವೆ.

ಗಂಡ ಹೆಂಡತಿ ನಡುವೆ ನಂದು ನಿಂದು ಏನು ಎನ್ನುವವರಿದ್ದಾರೆ. ಹಾಗಾದರೆ ಹೆಂಡತಿಯ ಹೆಸರಿಗೆ ಬರೆಸಲು ಹಿಂಜರಿಕೆ ಯಾಕೆ? ಗಂಡ ತೀರಿಕೊಂಡ ಎಷ್ಟೋ ಮನೆಗಳಲ್ಲಿ ಷೇರು ನೇರ ಮಗನ ಹೆಸರಿಗೆ ಹೋಗುತ್ತದೆ. ತಾಯಿ ಹಾಲು ಕರೆಯುತ್ತಲೇ ಇರುತ್ತಾಳೆ, ಔಷಧಿಗೆ ನೂರು ರೂಪಾಯಿ ಬೇಕಾದರೂ ಮಗನ ಮುಖ ನೋಡಬೇಕು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಮನೆಗೊಂದೇ ಸದಸ್ಯತ್ವ ಎನ್ನುವ ಕಡೆ ಅದು ಹಸು ನೋಡಿಕೊಳ್ಳುವವರ ಹೆಸರಿಗಿರಲಿ. ಅರ್ಜಿ ಕೇಳಲು ಬಂದ ಹೆಣ್ಣುಮಕ್ಕಳನ್ನು “ಯಜಮಾನ್ರನ್ನ ಕಳ್ಸಿ” ಎಂದು ವಾಪಸ್ ಕಳಿಸಬೇಡಿ. ಸದಸ್ಯರು ತೀರಿಕೊಂಡಾಗ ಅವರ ಹೆಂಡತಿಯನ್ನು ಕೇಳದೆ ಷೇರು ಬದಲಾಯಿಸಬೇಡಿ.

ಈಗಿರುವ ಸದಸ್ಯರಲ್ಲೂ ಒಂದು ವಿನಂತಿ. ಷೇರು ವರ್ಗಾವಣೆ ಅರ್ಜಿಗೆ ಸಹಿ ಹಾಕಬೇಕಾದವರು ನೀವು. ಈ ಬಟವಾಡೆಗೆ ಹೋದಾಗ ಅರ್ಜಿ ಕೇಳಿ ತನ್ನಿ, ಮನೆಯಾಕೆಯ ಹೆಸರು ಬರೆಸಿ.

ಇಂತಿ,
ಸಾಸಲು ಹೋಬಳಿಯ ಒಬ್ಬ ಹಾಲು ಉತ್ಪಾದಕಿ