ಹಕ್ಕಲು ಆಯ್ದ ದಿನಗಳು

ಸಂಘದ ಕೂಟಗಳಲ್ಲಿ ಊಟ ಮುಗಿದು ಎಲೆ-ಅಡಿಕೆಯ ತಟ್ಟೆ ಬಂದಿತೆಂದರೆ ಹಿರಿಯರು ಒಂದು ಮಾತನ್ನು ತಪ್ಪದೆ ಆಡುತ್ತಾರೆ: "ನಮ್ಮ ಕಾಲದಲ್ಲಿ ಕೈಯಲ್ಲಿ ಕಾಸಿರಲಿಲ್ಲ, ಆದರೆ ಸುಖವಿತ್ತು." ನಾವು ತಲೆಯಾಡಿಸುತ್ತೇವೆ. ಮೂವತ್ತು ದಾಟಿದ ಗುಮಾಸ್ತರಿಗೆ ಅದಕ್ಕಿಂತ ಹೆಚ್ಚಿನ ಅಧಿಕಾರ ಎಲ್ಲಿಂದ ಬರಬೇಕು? ಆದರೆ ಮೊನ್ನೆ ರಜೆಯಲ್ಲಿ ಓದಿದ ಇಂಗ್ಲಿಷ್ ಪುಸ್ತಕವೊಂದು ನಮ್ಮ ಈ ತಲೆಯಾಟಕ್ಕೆ ಸ್ವಲ್ಪ ಅಡ್ಡಿ ತಂದಿದೆ.

ಪುಸ್ತಕ 'ಲಾರ್ಕ್ ರೈಸ್'. 1939ರಲ್ಲಿ ಪ್ರಕಟವಾದದ್ದು. ಬರೆದವರು ಫ್ಲೋರಾ ಥಾಂಪ್ಸನ್. ಆಕೆ ನಮ್ಮ ಕುಲದವರೇ ಎಂದು ಹೇಳಿಕೊಳ್ಳಲು ನಮಗೆ ಹೆಮ್ಮೆ. 1891ರಲ್ಲಿ, 14ನೆಯ ವಯಸ್ಸಿಗೇ, ಹಳ್ಳಿಯ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದವರು. ಕೈಹಿಡಿದಾತನೂ ಅಂಚೆಯ ಗುಮಾಸ್ತನೇ. ಅರವತ್ತು ದಾಟಿದ ಮೇಲೆ ತಾವು ಹುಟ್ಟಿ ಬೆಳೆದ ಜೂನಿಪರ್ ಹಿಲ್ ಎಂಬ ಊರಿಗೆ ಲಾರ್ಕ್ ರೈಸ್ ಎಂದು ಹೆಸರಿಟ್ಟು, ತಮ್ಮನ್ನು ಲಾರಾ ಎಂದೂ ತಮ್ಮ ಎಡ್ವಿನ್ನನನ್ನು ಎಡ್ಮಂಡ್ ಎಂದೂ ಕರೆದು ಬಾಲ್ಯದ ಕಥೆ ಬರೆದರು.

ಊರೆಂದರೆ ಆಕ್ಸ್‌ಫರ್ಡ್‌ಷೈರಿನ ಗೋಧಿ ಹೊಲಗಳ ನಡುವೆ ಸುಮಾರು 30 ಮನೆ, ಒಂದು ಹೆಂಡದಂಗಡಿ, ಅಷ್ಟೆ. 1880ರ ಸುಮಾರಿನಲ್ಲಿ ಹೊಲದ ಆಳಿನ ಕೂಲಿ ವಾರಕ್ಕೆ 10 ಷಿಲಿಂಗು, ಅಂದರೆ ಅರ್ಧ ಪೌಂಡು. ಶಾಲೆಗೆ ಒಂದೂವರೆ ಮೈಲಿ ನಡಿಗೆ. ಚಳಿಗಾಲದಲ್ಲಿ ಕೆಲವು ಮಕ್ಕಳ ಕೈಯಲ್ಲಿ ಎರಡು ಬಿಸಿ ಆಲೂಗಡ್ಡೆ, ರಾತ್ರಿಯೆಲ್ಲ ಬೂದಿಯಲ್ಲಿ ಬೆಂದವು. ದಾರಿಯುದ್ದಕ್ಕೂ ಕೈಗೆ ಕಾವು, ಶಾಲೆ ಮುಟ್ಟಿದ ಮೇಲೆ ಹೊಟ್ಟೆಗೆ ಆಹಾರ!

ಮನೆಗೊಂದು ಹಂದಿ. ಮೂಗು ಮುರಿಯುವ ವಾಚಕರು ಕ್ಷಮಿಸಬೇಕು, ಆ ಊರಿನ ಲಕ್ಷ್ಮಿ ಅದೇ. ಶಾಲೆಯಿಂದ ಮರಳುವ ಮಕ್ಕಳು ಅದಕ್ಕಾಗಿ ತೋಳು ತುಂಬ ಸೊಪ್ಪು ಕಿತ್ತು ತರುವರು. ಮಳೆ ಬಂದ ಸಂಜೆ ಬೇಲಿಯ ಗುಂಟ ಬಸವನಹುಳು ಹೆಕ್ಕಿ ಬಕೀಟಿಗೆ ತುಂಬುವರು. ಭಾನುವಾರ ಗಂಡಸರು ನೆರೆಮನೆಗೆ ಬಂದರೆ ಮನೆಯವರನ್ನು ನೋಡಲಿಕ್ಕಲ್ಲ, ಹಂದಿಯನ್ನು ನೋಡಲಿಕ್ಕೆ. ಅದರ ಮೇವಿಗೆಂದು ಸಾಲವಾಗಿ ತಂದ ಹಿಟ್ಟಿನ ಲೆಕ್ಕ ತೀರಿಸಲು ಎಷ್ಟೋ ಸಲ ಅರ್ಧ ಹಂದಿ ಕೊಯ್ಯುವ ಮೊದಲೇ ಪರರ ಪಾಲಾಗಿರುತ್ತಿತ್ತು ಎಂಬುದು ಮಕ್ಕಳಿಗೇನು ಗೊತ್ತು?

ನಮಗೆ ಬಹಳ ಹಿಡಿಸಿದ್ದು ಹಕ್ಕಲಿನ ಸಂಗತಿ. ನಮ್ಮಲ್ಲೂ ಅದೇ ಮಾತು, ಅದೇ ಕೆಲಸ: ಕೊಯಿಲಾದ ಹೊಲದಲ್ಲಿ ಉಳಿದ ತೆನೆಗಳನ್ನು ಆಯುವುದು. ಎರಡು ಮೂರು ವಾರ ತಾಯಂದಿರೂ ಮಕ್ಕಳೂ ಬಗ್ಗಿದ ಬೆನ್ನು ಎತ್ತದೆ ಆಯ್ದದ್ದನ್ನು ಗಿರಣಿಗೆ ಕಳುಹಿಸುವರು. ಹಿಟ್ಟಿನ ಚೀಲ ಮನೆಗೆ ಬಂದಾಗ ಅದನ್ನು ನಡುಮನೆಯ ಕುರ್ಚಿಯ ಮೇಲೆ ಕೂರಿಸಿ, ದಾರಿಹೋಕರನ್ನು ಒಳಕ್ಕೆ ಕರೆದು ತೋರಿಸುವರು. ಮದುಮಗನಿಗೂ ಅಷ್ಟು ಮರ್ಯಾದೆ ಸಂದೀತೆ?

ಇನ್ನೊಂದು ಪೆಟ್ಟಿಗೆಯ ವಿಷಯ. ಪಾದ್ರಿಗಳ ಮಗಳು ಇರಿಸಿದ್ದು. ಅದರಲ್ಲಿ ಕೂಸಿನ ಬಟ್ಟೆಬರೆ, ಜತೆಗೆ ಬಾಣಂತಿಗೆ ಚಹ, ಸಕ್ಕರೆ, ಗಂಜಿಯ ನುಚ್ಚು. ಊರಿನಲ್ಲಿ ಹೆರಿಗೆಯಾದರೆ ಪೆಟ್ಟಿಗೆ ಆ ಮನೆಗೆ ಎರವಲು. ಒಗೆದು ಮಡಿಸಿ ಹಿಂತಿರುಗಿಸಿದ ಮೇಲೆ ಮುಂದಿನ ಮನೆಗೆ. ಹೀಗೆ ಒಂದೇ ಅಂಗಿಯಲ್ಲಿ ಊರಿನ ಎಷ್ಟು ಕೂಸುಗಳು ಕಣ್ಣು ಬಿಟ್ಟವೋ! ಮೇ ತಿಂಗಳ ಮೊದಲ ದಿನವಂತೂ ಶಾಲೆಯ ಮಕ್ಕಳು ಹೂವಿನ ದೊಡ್ಡ ಗೋಪುರ ಕಟ್ಟಿ, ಅದರಲ್ಲೊಂದು ಗೊಂಬೆ ಕೂರಿಸಿ, ರಾಜ-ರಾಣಿ ವೇಷ ತೊಟ್ಟು ಮನೆಮನೆಗೆ ಹೊರಡುವರು. ಗೊಂಬೆಯ ಮುಸುಕು ತೆಗೆದು ತೋರಿಸಿ ಕಾಸು ಕೂಡಿಸುವರು. ನವರಾತ್ರಿಯ ಗೊಂಬೆಗಳನ್ನು ಬಲ್ಲ ನಮಗೆ ಇದು ಪರಕೀಯವೆನಿಸಲಿಲ್ಲ.

ಹಾಗಾದರೆ ಸುಖವಿತ್ತೆ? ಇತ್ತು. ಆ ಮುದುಕಿ ಸುಳ್ಳು ಬರೆದಿಲ್ಲ. ಆದರೆ ಆಕೆ ಇನ್ನೊಂದು ಮಾತನ್ನೂ ಮರೆಮಾಚಿಲ್ಲ: ಹನ್ನೆರಡು ಹದಿಮೂರು ದಾಟಿದ ಹೆಣ್ಣುಮಕ್ಕಳು ಆ ಊರಿನ ಮನೆಗಳಲ್ಲಿ ಉಳಿಯುತ್ತಲೇ ಇರಲಿಲ್ಲ. ಪರರ ಮನೆಯ ಚಾಕರಿಗೆ ಹೋಗುವರು. ಬಂದ ಸಂಬಳದಲ್ಲಿ ತಾಯಿಗೆ ಕಳುಹಿಸುವರು. ಮನೆಯಲ್ಲಿ ಉಳಿದ ಚಿಕ್ಕವರು ನಿಶ್ಚಿಂತೆಯಿಂದ ಬಸವನಹುಳು ಹೆಕ್ಕಬಹುದಾಗಿದ್ದುದು ಹೀಗೆ.

ಗಂಡುಮಕ್ಕಳ ಲೆಕ್ಕ ಪುಸ್ತಕದ ಕೊನೆಯ ಪುಟದಲ್ಲಿದೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಚರ್ಚಿನ ಗೋಡೆಯ ಹಿತ್ತಾಳೆ ಫಲಕದಲ್ಲಿ ಕೆತ್ತಿದ್ದಾರೆ. ಅಷ್ಟು ಪುಟ್ಟ ಊರಿನಿಂದ 11 ಹೆಸರು. ಕಟ್ಟಕಡೆಯದು ಎಡ್ಮಂಡನದು. ನಿಜದ ಎಡ್ವಿನ್ 1916ರಲ್ಲಿ ಬೆಲ್ಜಿಯಮ್ಮಿನಲ್ಲಿ ಸತ್ತ. ಪುಸ್ತಕ ಮಡಿಸಿದ ಮೇಲೆ ಬಹಳ ಹೊತ್ತು ನಮಗೆ ಆ ಬಿಸಿ ಆಲೂಗಡ್ಡೆಗಳೇ ನೆನಪಾಗುತ್ತಿದ್ದವು.

ಮುಂದಿನ ಕೂಟದಲ್ಲಿ ತಟ್ಟೆ ಬಂದು, ಹಿರಿಯರು ಆ ಮಾತು ತೆಗೆದಾಗ, ತಲೆಯಾಡಿಸುವುದಕ್ಕೆ ಮುಂಚೆ ಒಂದು ಮಾತು ಕೇಳಿಬಿಡೋಣವೆಂದಿದ್ದೇವೆ: "ನಿಮ್ಮ ಅಕ್ಕನವರು ಆಗ ಏನು ಮಾಡಿಕೊಂಡಿದ್ದರು, ರಾಯರೇ?"