ಆರು ಕೋಟಿಗಿಂತ ಐದು ಕೂಟ ಮುಖ್ಯ

ಒಲಿಂಪಿಕ್ಸ್ ಚಿನ್ನಕ್ಕೆ 6 ಕೋಟಿ, ಬೆಳ್ಳಿಗೆ 4 ಕೋಟಿ, ಕಂಚಿಗೆ 3 ಕೋಟಿ ರೂಪಾಯಿ ಎಂದು ರಾಜ್ಯ ಸರ್ಕಾರ 2025ರಲ್ಲಿ ಘೋಷಿಸಿದ್ದು ಗೆದ್ದವರಿಗೆ ಸಲ್ಲುವ ಗೌರವ. ಗೆಲ್ಲುವವರನ್ನು ಅದು ತಯಾರು ಮಾಡುವುದಿಲ್ಲ. ಆ ಕೆಲಸ ನಡೆಯುವುದು ಯಾರೂ ಟಿ.ವಿ.ಯಲ್ಲಿ ನೋಡದ ಎರಡನೇ ದರ್ಜೆಯ ಕೂಟಗಳಲ್ಲಿ.

ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಇದು ನಿಚ್ಚಳ. ವಿಶ್ವಕಪ್‌ನ ಕೆಳಗೆ ಸ್ಕ್ಯಾಂಡಿನೇವಿಯನ್ ಕಪ್, ಬಾಲ್ಕನ್ ಕಪ್‌ನಂಥ ಪ್ರಾದೇಶಿಕ ಸರಣಿಗಳಿವೆ. ಅವುಗಳಿಗೂ ಕೆಳಗೆ ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಫೆಡರೇಷನ್ ಮಾನ್ಯ ಮಾಡಿದ ಸಣ್ಣ ಓಟಗಳಿವೆ. ಕೊಡಗಿನ ತೆಕ್ಕಡ ಭವಾನಿ ನಂಜುಂಡ 2025ರಲ್ಲಿ ಚಿಲಿಯಲ್ಲಿ 5 ಕಿ.ಮೀ. ವಿಭಾಗದ ಕಂಚು ಗೆದ್ದದ್ದು ವಿಶ್ವಕಪ್‌ಗಿಂತ ಕೆಳಗಿನ ಅಂಥದೊಂದು ಓಟದಲ್ಲಿ. ಪದಕ ಸುದ್ದಿಯಾಯಿತು, ಅದರ ಹಿಂದಿನ ಲೆಕ್ಕ ಆಗಲಿಲ್ಲ. ಸ್ಕೀ ಪಟುವಿನ ಅಂಕ ನಿರ್ಧಾರವಾಗುವುದು ಹನ್ನೆರಡು ತಿಂಗಳ ಅತ್ಯುತ್ತಮ ಐದು ಓಟಗಳ ಸರಾಸರಿಯಿಂದ. ಓಟಗಳು ಐದಕ್ಕಿಂತ ಕಡಿಮೆಯಾದರೆ ಸರಾಸರಿಗೆ ದಂಡ ಸೇರುತ್ತದೆ. ಹಿಮ ಹುಡುಕಿಕೊಂಡು ಖಂಡ ದಾಟುವವರಿಗೆ ಈ ಐದನ್ನು ತುಂಬಿಸುವುದೇ ದೊಡ್ಡ ಸವಾಲು.

ಹಿಮವಿಲ್ಲದ ಸಂಡೂರು ತಾಲ್ಲೂಕಿಗೂ ಅದೇ ಐದು ಅನ್ವಯಿಸುತ್ತದೆ. 2023ರ ಮಾರ್ಚ್ 2ರಂದು ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅಂಗಳದಲ್ಲಿ ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಜಿಗಿದು ಲಾಂಗ್‌ಜಂಪ್‌ನ ರಾಷ್ಟ್ರೀಯ ದಾಖಲೆ ಬರೆದರು. ಪ್ಯಾರಿಸ್ ಒಲಿಂಪಿಕ್ಸ್‌ಗೆ ನಿಗದಿಯಾದ ಅರ್ಹತಾ ಮಟ್ಟ 8.27 ಮೀಟರ್. ಆದರೂ ಆ ಜಿಗಿತ ಲೆಕ್ಕಕ್ಕೆ ಬರಲಿಲ್ಲ. ಅರ್ಹತಾ ಅವಧಿ ಆರಂಭವಾದದ್ದು ಜುಲೈ 1ರಂದು. ಅವರಿಗೆ ಪ್ಯಾರಿಸ್ ದಾರಿ ತೆರೆದದ್ದು ವಿಶ್ವ ರ‍್ಯಾಂಕಿಂಗ್. ಲಾಂಗ್‌ಜಂಪ್‌ನಲ್ಲಿ ಅದೂ ಐದು ಕೂಟಗಳ ಸರಾಸರಿಯೇ. ಒಂದು ದಿನದ ಅಸಾಧಾರಣ ಸಾಧನೆ ಮಾಡಲಾಗದ್ದನ್ನು ಕೂಟಗಳ ಸಾಲು ಮಾಡಿತು. ನೀತಿ ಬರೆಯುವವರ ಕಣ್ಣಿಗೆ ಇದು ಇನ್ನೂ ಏಕೆ ಬಿದ್ದಿಲ್ಲ?

ಈಗಿನ ದಸರಾ ಕ್ರೀಡಾಕೂಟ, ಶಾಲಾ ಕ್ರೀಡಾಕೂಟಗಳು ಏಣಿಯಂತಿವೆ: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಕಂಪ್ಲಿಯ ಹುಡುಗಿಯೊಬ್ಬಳು ತಾಲ್ಲೂಕು ಮಟ್ಟದಲ್ಲಿ ನಾಲ್ಕನೆಯವಳಾದರೆ ಆ ಏಣಿಯಲ್ಲಿ ಅವಳಿಗೆ ಮುಂದಿನ ಮೆಟ್ಟಿಲಿಲ್ಲ. ಸೋತವರು ಮತ್ತೆ ಓಡಿ ತಿದ್ದಿಕೊಳ್ಳಲು ಅಲ್ಲಿ ಜಾಗವೇ ಇಲ್ಲ. ಸರಣಿ ಸ್ಪರ್ಧೆಯ ಗುಣ ಬೇರೆ. ಸೋತವರೂ ಮುಂದಿನ ವಾರ ಅದೇ ಗೆರೆಯ ಮೇಲೆ ನಿಲ್ಲುತ್ತಾರೆ.

ಅಂಥ ಸರಣಿಯನ್ನು ಈ ಭಾಗದಲ್ಲೇ ನಡೆಸಬಹುದು. ಹೊಸಪೇಟೆ ವಿಜಯನಗರ ಜಿಲ್ಲೆಯಲ್ಲಿ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇರುವುದು ಆಡಳಿತದ ಗಡಿ ಮಾತ್ರ, ಬಸ್ಸಿಗೆ ಅದು ಅಡ್ಡಿಯಲ್ಲ. ತೋರಣಗಲ್ಲಿನ ಟ್ರ್ಯಾಕ್, ಸಂಡೂರಿನ ಏರುದಾರಿ, ಹಂಪಿಯ ಬಯಲು, ಹೊಸಪೇಟೆಯ ಮೈದಾನ ಎಲ್ಲವೂ ಒಂದು ದಿನದಲ್ಲಿ ಹೋಗಿ ಬರುವ ದೂರದಲ್ಲಿವೆ. ಎರಡೂ ಜಿಲ್ಲಾಡಳಿತಗಳು ಸೇರಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಐದು ಕೂಟಗಳ ವೇಳಾಪಟ್ಟಿ ಪ್ರಕಟಿಸಲಿ, ಎಲ್ಲ ಫಲಿತಾಂಶಗಳನ್ನೂ ದಾಖಲಿಸಲಿ, ಬಸ್ ಚಾರ್ಜು ಮತ್ತು ಊಟದ ಖರ್ಚು ಭರಿಸಲಿ. ಇದಕ್ಕೆ ಒಂದು ಚಿನ್ನದ ಬಹುಮಾನದಷ್ಟು ಹಣವೂ ಬೇಕಿಲ್ಲ.