ಅಪರಿಚಿತ ಬಣ್ಣದ ಪರೀಕ್ಷೆ

ವಾರಗಟ್ಟಲೆ ಕುಳಿತು ಜೋಡಿಸಿದ ವಿಮಾನದ ಪ್ಲಾಸ್ಟಿಕ್ ಮಾದರಿಯ ಮೇಲೆ ಅಪರಿಚಿತ ಸ್ಪ್ರೇ ಬಣ್ಣವನ್ನು ನೇರವಾಗಿ ಸಿಂಪಡಿಸುವುದನ್ನು ನಾವು ಒಪ್ಪಲಾರೆವು. ಇಂತಹ ಮಾದರಿಗಳು ಸಾಮಾನ್ಯವಾಗಿ ಪಾಲಿಸ್ಟೈರೀನಿನವು; ಕೆಲವು ಬಣ್ಣಗಳಲ್ಲಿರುವ ಅಸಿಟೋನ್, ಟೊಲ್ಯೂಯೀನ್ ಮೊದಲಾದ ದ್ರಾವಕಗಳು ಅದನ್ನು ಕರಗಿಸಬಲ್ಲವು. ತೆಳುವಾಗಿ ಬಿದ್ದ ಲೇಪ ಬೇಗನೆ ಆರುವುದರಿಂದ ಅಪಾಯ ಕಡಿಮೆ; ದಪ್ಪನಾಗಿ ಬಿದ್ದರೆ ರೆಕ್ಕೆಯ ಮೇಲಿನ ಸೂಕ್ಷ್ಮ ಗೆರೆಗಳೆಲ್ಲ ಮಾಯ! ಮಳೆಗಾಲದಲ್ಲಿ ಇನ್ನೊಂದು ತೊಡಕು: ದ್ರಾವಕವು ಆವಿಯಾಗುವಾಗ ಮೇಲ್ಮೈ ತಣಿದು, ಗಾಳಿಯ ತೇವ ಅಲ್ಲಿ ನೀರಾಗಿ, ಬಣ್ಣ ಬೆಳ್ಳಗೆ ಮಂಕಾಗುವುದುಂಟು.

ಆದುದರಿಂದ ಬಿಡಿಭಾಗಗಳನ್ನು ಹಿಡಿದಿದ್ದ ಚೌಕಟ್ಟನ್ನು ಎಸೆಯಬಾರದು; ಅದೂ ಅದೇ ಪ್ಲಾಸ್ಟಿಕ್ಕೇ. ಗಾಳಿಯಾಡುವೆಡೆ, ಬೆಂಕಿಯಿಂದ ದೂರದಲ್ಲಿ, ಅದರ ಒಂದು ಚೂರಿಗೆ 15 ಸೆಂಟಿಮೀಟರಿನಿಂದ, ಇನ್ನೊಂದಕ್ಕೆ 30ರಿಂದ ಸಿಂಪಡಿಸಬೇಕು. ಉಳಿದುದೆಲ್ಲ ಒಂದೇ ಇರಲಿ. ಬಣ್ಣ ದಂಡವಾಯಿತೆಂದು ಗೊಣಗುವವರುಂಟು. ಎರಡು ಸಿಂಪಡಿಕೆಗೆ ತಗಲುವ ಬಣ್ಣವಾದರೂ ಎಷ್ಟು? ಮರುದಿನ ಉಗುರಿನಿಂದ ಕೆರೆದು ನೋಡಿ, ಕಂಡುದನ್ನು ಬರೆದಿಡಬೇಕು.